ಜಂತರ್ ಮಂತರ್‌ನ ನೆರಳು ಮೊಬೈಲಿಗಿಂತ 40 ನಿಮಿಷ ಹಿಂದೇಕೆ?

ಪ್ರಶ್ನೆ: ಫೆಬ್ರವರಿ ಎರಡನೇ ವಾರ ಬಳ್ಳಾರಿಯಿಂದ ಮನೆಮಂದಿಯೆಲ್ಲ ಜೈಪುರದ ಜಂತರ್ ಮಂತರ್‌ಗೆ ಹೋಗಿದ್ದೆವು. ಅಲ್ಲಿನ ದೊಡ್ಡ ನೆರಳು ಗಡಿಯಾರ ಸಮ್ರಾಟ್ ಯಂತ್ರ 2 ಸೆಕೆಂಡಿನಷ್ಟು ನಿಖರ ಅಂದರು ಗೈಡ್. ನೋಡಿದರೆ ಮೊಬೈಲಿಗಿಂತ 40 ನಿಮಿಷ ಹಿಂದಿತ್ತು. ಯಂತ್ರ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಆ ವಾರ ಅಷ್ಟು ಹಿಂದೆ ಇರದಿದ್ದರೇ ಅನುಮಾನ ಪಡಬೇಕಿತ್ತು.

ಮೊಬೈಲ್ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಜೈಪುರ ಇರುವುದು 75.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 27 ನಿಮಿಷ ಅಲ್ಲೇ ಹೋಯಿತು. ಇನ್ನುಳಿದದ್ದು ಸೂರ್ಯನ ಲೆಕ್ಕ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಫೆಬ್ರವರಿ ಎರಡನೇ ವಾರ ನೆರಳು 14 ನಿಮಿಷ ನಿಧಾನ, ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ. ಎಂದರೆ ನೆರಳು ತೋರಿದ ಹೊತ್ತಿಗೆ ಫೆಬ್ರವರಿಯಲ್ಲಿ 41 ಕೂಡಿಸಬೇಕು, ನವೆಂಬರಿನಲ್ಲಿ 11 ಸಾಕು.

ಗೈಡ್ ಹೇಳಿದ್ದು ಅರ್ಧ ನಿಜ. ಯಂತ್ರದ 27 ಮೀಟರ್ ಎತ್ತರದ ಇಳಿಜಾರು ಗೋಡೆಯ ನೆರಳು ಬೆಳಿಗ್ಗೆ ಪಶ್ಚಿಮದ ಕಮಾನಿನ ಮೇಲೆ, ಮಧ್ಯಾಹ್ನದ ನಂತರ ಪೂರ್ವದ್ದರ ಮೇಲೆ, ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. 2 ಸೆಕೆಂಡಿಗೊಂದು ಗೆರೆ ಇದೆ. ಆದರೆ ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳಿನ ಅಂಚು ನಾಲ್ಕು ಬೆರಳಿಗೂ ಹೆಚ್ಚು ಅಗಲಕ್ಕೆ ಮಸುಕಾಗಿರುತ್ತದೆ. ಒಬ್ಬರು ಒಂದು ಗೆರೆ ಅಂದರೆ ಪಕ್ಕದವರು ಇನ್ನೊಂದು ಅನ್ನುತ್ತಾರೆ. ಒಂದು ದಾರ ಒಯ್ಯಿರಿ. ಅಂಚಿಗೆ ಸಮಾನಾಂತರವಾಗಿ, ಕಲ್ಲಿನಿಂದ ಒಂದು ಸೆಂಟಿಮೀಟರ್ ಮೇಲೆ ಬಿಗಿಯಾಗಿ ಹಿಡಿದು ಮಸುಕಿನೊಳಗೆ ಸರಿಸುತ್ತಾ ಹೋಗಿ. ದಾರದ ನೆರಳು ದೊಡ್ಡ ನೆರಳಿನಲ್ಲಿ ಕರಗುವ ಕಡೆ ಇರುವ ಗೆರೆಯನ್ನು ಓದಿ. ತೆಳು ಮೋಡವಿದ್ದರೂ ಇದು ಕೈಕೊಡುತ್ತದೆ.

ಗೋಡೆಯ ಇಳಿಜಾರು 27 ಡಿಗ್ರಿ, ಅದು ಜೈಪುರದ ಅಕ್ಷಾಂಶ. ಬಳ್ಳಾರಿಯಲ್ಲಿ ಕಟ್ಟಿದ್ದರೆ 15 ಇರಬೇಕಿತ್ತು. ಜೈಪುರದ ಅಳತೆಗೆ ಮಾಡಿದ ಪುಟ್ಟ ಮಾದರಿಯನ್ನು ತಂದು ನಿಮ್ಮ ತಾರಸಿಯಲ್ಲಿಟ್ಟರೆ 12 ಡಿಗ್ರಿ ತಗ್ಗಿಸದೆ ಸರಿ ಹೊತ್ತು ತೋರಿಸದು.

ಮನೆಯಲ್ಲೇ ಪರೀಕ್ಷಿಸಲು ಬಳ್ಳಾರಿಗೆ ರೇಖಾಂಶದ ಲೆಕ್ಕದಲ್ಲಿ 27 ನಿಮಿಷದ ಬದಲು 22 ಹಿಡಿಯಿರಿ (ರಾಯಚೂರಿಗೆ 21, ಕೊಪ್ಪಳಕ್ಕೆ 25). ಸಮತಟ್ಟು ನೆಲದಲ್ಲಿ 30 ಸೆಂಟಿಮೀಟರ್ ಕೋಲು ನೆಟ್ಟು, ಅದರ ಸುತ್ತ ಅಷ್ಟೇ ತ್ರಿಜ್ಯದ ವೃತ್ತ ಎಳೆಯಿರಿ. ನೆರಳಿನ ತುದಿ ಬೆಳಿಗ್ಗೆ ವೃತ್ತ ಮುಟ್ಟಿದ ಹೊತ್ತನ್ನೂ ಮಧ್ಯಾಹ್ನ ಮತ್ತೆ ಮುಟ್ಟಿದ ಹೊತ್ತನ್ನೂ ಬರೆದುಕೊಳ್ಳಿ. ಎರಡರ ನಡುವಿನ ಕ್ಷಣವೇ ನಿಜವಾದ ನಡುಹಗಲು. ಅತಿ ಗಿಡ್ಡ ನೆರಳಿಗಾಗಿ ಕಾಯಬೇಡಿ, ಆ ಹೊತ್ತಲ್ಲಿ ಅದರ ಉದ್ದ ಅಲುಗಿದ್ದೇ ತಿಳಿಯುವುದಿಲ್ಲ. ಫೆಬ್ರವರಿಯಲ್ಲಿ ಸುಮಾರು 12:36, ನವೆಂಬರಿನಲ್ಲಿ 12:06 ಬರಬೇಕು. ಬರದಿದ್ದರೆ ಕೋಲು ವಾಲಿರುತ್ತದೆ. ದಾರಕ್ಕೆ ನಟ್ಟು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಎರಡು ದಿಕ್ಕಿನಿಂದ ನೋಡಿ ನೆಟ್ಟಗೆ ಮಾಡಿ.