ಕ್ರ್ಯಾಶ್ ಆಗುವ ಸಾಲು ಬೇರೆ, ತಪ್ಪಿರುವ ಸಾಲು ಬೇರೆ

ಸಿ ಶಾರ್ಪ್ ಪ್ರೋಗ್ರಾಂನಿಂದ ಸಿ ಭಾಷೆಯ ಡಿಎಲ್‌ಎಲ್ (ಸಿದ್ಧ ಕೋಡ್ ಇರುವ ಲೈಬ್ರರಿ ಫೈಲ್) ಒಂದನ್ನು ಕರೆಯುತ್ತೀರಿ. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ. ಆಮೇಲೆ 'ಆಕ್ಸೆಸ್ ವಯೊಲೇಷನ್' (ಮುಟ್ಟಬಾರದ ಮೆಮೊರಿ ಮುಟ್ಟಿದೆ) ಅಂತ ಬಿದ್ದುಹೋಗುತ್ತದೆ. ಇಂಥ ಕೇಸ್ ಬಂದಾಗ ನಾನು ಬಿದ್ದ ಸಾಲು ತೋರಿಸುವ ಸ್ಟ್ಯಾಕ್ ಟ್ರೇಸ್ ಅನ್ನು ಮೊದಲು ನಂಬುವುದಿಲ್ಲ. ಮೆಮೊರಿ ಕೆಡುವುದು ಎಲ್ಲೋ, ಪ್ರೋಗ್ರಾಂ ಬೀಳುವುದು ಇನ್ನೆಲ್ಲೋ. ಬದಲಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಕರೆದ ಕೂಡಲೇ ಬೀಳುತ್ತದಾ, ಹೊತ್ತಾದ ಮೇಲಾ?

ಹೊತ್ತಾದ ಮೇಲೆ ಅಂದರೆ ನನ್ನ ಮೊದಲ ಅನುಮಾನ ಕಾಲ್‌ಬ್ಯಾಕ್ ಮೇಲೆ. ಡೇಟಾ ಬಂದಾಗ ಕರೆಯಲಿ ಅಂತ ನಿಮ್ಮ ಮೆಥಡ್ ಅನ್ನು ಲೈಬ್ರರಿಗೆ ಕೊಟ್ಟಿರುತ್ತೀರಿ. ಆಗ ಒಂದು ಡೆಲಿಗೇಟ್, ಅಂದರೆ ಆ ಮೆಥಡ್ ಅನ್ನು ತೋರಿಸುವ ಆಬ್ಜೆಕ್ಟ್, ಹುಟ್ಟುತ್ತದೆ. ಅದನ್ನು ನಿಮ್ಮ ಕಡೆ ಯಾರೂ ಹಿಡಿದುಕೊಂಡಿಲ್ಲದಿದ್ದರೆ ಬಳಕೆಯಲ್ಲಿಲ್ಲದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ (ಜಿಸಿ) ಒಂದು ದಿನ ಎತ್ತಿಕೊಂಡು ಹೋಗುತ್ತದೆ. ಲೈಬ್ರರಿಗೆ ಅದು ಗೊತ್ತೇ ಇಲ್ಲ, ಹಳೆಯ ವಿಳಾಸಕ್ಕೇ ಕರೆ ಮಾಡುತ್ತದೆ. ಲೋಕಲ್ ವೇರಿಯಬಲ್‌ನಲ್ಲಿ ಇಟ್ಟರೂ ಸಾಲದು. ಡೀಬಗ್ ಬಿಲ್ಡ್‌ನಲ್ಲಿ ಲೋಕಲ್‌ಗಳು ಮೆಥಡ್ ಮುಗಿಯುವವರೆಗೂ ಬದುಕಿರುತ್ತವೆ. ರಿಲೀಸ್‌ನಲ್ಲಿ ಕೊನೆಯ ಬಳಕೆ ಆದಮೇಲೆ ಆ ಖಾತ್ರಿ ಇಲ್ಲ. 'ನನ್ನ ಮಷೀನ್‌ನಲ್ಲಿ ಸರಿಯಾಗಿದೆ' ಅನ್ನುವ ಮಾತು ಎಷ್ಟೋ ಸಲ ಹುಟ್ಟುವುದು ಇಲ್ಲೇ. ಲೈಬ್ರರಿ ಬಳಸುವಷ್ಟು ಕಾಲ ಡೆಲಿಗೇಟ್ ಅನ್ನು ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಇಡಿ. ಪಿನ್ ಮಾಡುವ (ಮೆಮೊರಿಯಲ್ಲಿ ಜಾಗ ಬದಲಿಸದಂತೆ ಹಿಡಿದಿಡುವ) ಅಗತ್ಯವಿಲ್ಲ, ಜೀವಂತ ಇದ್ದರೆ ಸಾಕು. ಡೇಟಾ ತುಂಬಲು ಕೊಟ್ಟ ಬಫರ್ ವಿಷಯ ಹಾಗಲ್ಲ. ಕರೆ ಮುಗಿದ ಮೇಲೂ ಲೈಬ್ರರಿ ಅದರಲ್ಲಿ ಬರೆಯುವುದಾದರೆ ಪಿನ್ ಮಾಡಲೇಬೇಕು. ಅನುಮಾನ ನಿಜವಾ ಅಂತ ನೋಡಬೇಕೇ? ಕಾಲ್‌ಬ್ಯಾಕ್ ಕೊಟ್ಟ ಮೇಲೆ ಸುಮ್ನೆ ಜಿಸಿ ಕಲೆಕ್ಟ್ ಅನ್ನು ಪದೇ ಪದೇ ಕರೆಸಿ. ಗಂಟೆಗಟ್ಟಲೆ ಕಾಯಿಸುತ್ತಿದ್ದ ಕ್ರ್ಯಾಶ್ ಬೇಗ ಎದುರಿಗೆ ಬರುತ್ತದೆ.

ಕೂಡಲೇ ಬಿದ್ದರೆ ಆ ಫಂಕ್ಷನ್‌ಗೆ ಸಿ ಶಾರ್ಪ್‌ನಲ್ಲಿ ಬರೆದ ಡಿಕ್ಲರೇಷನ್ ಅನ್ನು ಸಿ ಹೆಡರ್ ಪಕ್ಕದಲ್ಲಿಟ್ಟು ಓದಿ, ಟೈಪ್‌ಗಳ ಅಳತೆ ಎರಡೂ ಕಡೆ ಒಂದೇ ಇರಬೇಕು. ಸಿ ಶಾರ್ಪ್‌ನ ಲಾಂಗ್ ಎಲ್ಲಾ ಕಡೆ 8 ಬೈಟ್. ಸಿ ಭಾಷೆಯ ಲಾಂಗ್ ವಿಂಡೋಸ್‌ನಲ್ಲಿ 4, 64 ಬಿಟ್ ಲಿನಕ್ಸ್‌ನಲ್ಲಿ 8. ಬೂಲ್ ಅನ್ನು ಡಾಟ್‌ನೆಟ್ (ಸಿ ಶಾರ್ಪ್ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಸಾಮಾನ್ಯವಾಗಿ 4 ಬೈಟ್ ಎಂದು ಕಳಿಸುತ್ತದೆ, ಸಿ++ ನಲ್ಲಿ ಅದು ಸಾಮಾನ್ಯವಾಗಿ 1. ಸ್ಟ್ರಕ್ಟ್ ಒಳಗೆ ಇಂಥದ್ದೊಂದು ತಪ್ಪಿದರೆ ಅದರ ನಂತರದ ಫೀಲ್ಡ್‌ಗಳೂ ಜಾಗ ತಪ್ಪಬಹುದು.

ಸ್ಟ್ರಿಂಗ್ ವಾಪಸ್ ಕೊಡುವ ಫಂಕ್ಷನ್ ಇನ್ನೊಂದು ತಲೆನೋವು. ರಿಟರ್ನ್ ಟೈಪ್ ಸ್ಟ್ರಿಂಗ್ ಅಂತ ಬರೆದರೆ ಡಾಟ್‌ನೆಟ್ ಅದನ್ನು ಕಾಪಿ ಮಾಡಿ, ಮೂಲ ಮೆಮೊರಿಯನ್ನು ತಾನೇ ಬಿಡುಗಡೆ ಮಾಡುತ್ತದೆ. ಲೈಬ್ರರಿ ಅದನ್ನು ಮ್ಯಾಲಕ್‌ನಿಂದ (ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಫಂಕ್ಷನ್) ತಂದಿದ್ದರೆ ವಿಂಡೋಸ್‌ನಲ್ಲಿ ಹೀಪ್, ಅಂದರೆ ಹಾಗೆ ಕೇಳಿದ ಮೆಮೊರಿ ಬರುವ ಜಾಗ, ಕೆಡಬಹುದು. ಅದೇ ಕೋಡ್ ಲಿನಕ್ಸ್‌ನಲ್ಲಿ ಓಡಿಬಿಡಬಹುದು, ಅಲ್ಲಿ ಎರಡೂ ಕಡೆ ಮೆಮೊರಿ ಬಿಡುಗಡೆ ಮಾಡುವುದು ಒಂದೇ ಫ್ರೀ ಫಂಕ್ಷನ್. ಇಂಟ್‌ಪಿಟಿಆರ್ (ಬರೀ ವಿಳಾಸ) ಆಗಿ ತೆಗೆದುಕೊಂಡು, ಕಾಪಿ ಮಾಡಿ, ಲೈಬ್ರರಿಯದೇ ಫ್ರೀ ಫಂಕ್ಷನ್‌ಗೆ ಒಪ್ಪಿಸಿ.

ಟ್ರೈ-ಕ್ಯಾಚ್ ಹಾಕಿ ಮುಚ್ಚಿಡೋಣ ಅಂದುಕೊಳ್ಳಬೇಡಿ. ಡಾಟ್‌ನೆಟ್ ಕೋರ್‌ನಲ್ಲಿ ಇಂಥ ನೇಟಿವ್ (ಸಿ ಕಡೆಯ) ಕ್ರ್ಯಾಶ್ ಕ್ಯಾಚ್‌ಗೆ ಸಿಗುವುದೇ ಇಲ್ಲ.

ಇಷ್ಟಾದರೂ ಸಿಗದಿದ್ದರೆ ವಿಂಡೋಸ್‌ನ ಡೀಬಗ್ ಟೂಲ್ ಜಿಫ್ಲ್ಯಾಗ್ಸ್‌ನಲ್ಲಿ ಫುಲ್ ಪೇಜ್ ಹೀಪ್ ಆನ್ ಮಾಡಿ. ನೇಟಿವ್ ಬಫರ್ ದಾಟಿ ಬರೆದ ಸಾಲಿನಲ್ಲೇ ಪ್ರೋಗ್ರಾಂ ಸಾಮಾನ್ಯವಾಗಿ ನಿಲ್ಲುತ್ತದೆ. ಮೆಮೊರಿ ಮಾತ್ರ ಬಹಳ ಜಾಸ್ತಿ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡಲು ಮರೆಯಬೇಡಿ.