ಕುಡಿತ ಬಿಡಿಸಿದ್ದು ಚಿನ್ನವೋ, ಜೊತೆಯವರೋ?

1879ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಪುಟ್ಟ ಊರಿನಲ್ಲಿ ಲೆಸ್ಲಿ ಕೀಲಿ ಎಂಬ ಡಾಕ್ಟರ್ ಕುಡಿತ ಬಿಡಿಸುವ ಚಿಕಿತ್ಸೆ ಶುರು ಮಾಡಿದ. ತನ್ನ ಮದ್ದಿನಲ್ಲಿ ಚಿನ್ನ ಇದೆ ಎಂದು ಸಾರಿದ. ದಿನಕ್ಕೆ ನಾಲ್ಕು ಸಲ ರೋಗಿಗಳು ಸಾಲಾಗಿ ನಿಂತು ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿತ್ತು. ಅದರೊಳಗೆ ಏನೇನಿದೆ ಎಂಬ ಗುಟ್ಟನ್ನು ಅವನು ಬಿಟ್ಟುಕೊಡಲೇ ಇಲ್ಲ. ಆದರೂ ಜನ ಮುಗಿಬಿದ್ದರು, ಶಾಖೆಗಳು ಹಬ್ಬಿದವು, ಕೀಲಿ ಶ್ರೀಮಂತನಾದ. 1900ರಲ್ಲಿ ಅವನು ತೀರಿಕೊಂಡ ಮೇಲೆ ಚಿನ್ನದ ಹೊಳಪೂ ಮಾಸಿತು.

ಇಷ್ಟೇ ಆಗಿದ್ದರೆ ಇದು ಮಾಮೂಲಿ ನಕಲಿ ಮದ್ದಿನ ಕಥೆ. ಆದರೆ 1891ರಲ್ಲಿ ಅಲ್ಲಿನ ರೋಗಿಗಳೇ ಒಂದು ಕ್ಲಬ್ಬು ಕಟ್ಟಿಕೊಂಡರು. ಊರಿನ ಹಳೇ ಕಮ್ಮಾರನ ಅಂಗಡಿಯಲ್ಲಿ ಸೇರುತ್ತಿದ್ದರು. ಹೊಸಬರು ಬಂದರೆ ಬರಮಾಡಿಕೊಳ್ಳುತ್ತಿದ್ದರು, ಗುಣವಾಗಿ ಊರಿಗೆ ಹೊರಟವರನ್ನು ಬೀಳ್ಕೊಡುತ್ತಿದ್ದರು, ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಊರಿಗೆ ಹೋದವರು ಅಲ್ಲೂ ಇಂಥ ಕ್ಲಬ್ಬು ಶುರು ಮಾಡಿದರು. ಕೀಲಿಯ ಹತ್ತಿರ ಹೋಗಿ ನಿಜಕ್ಕೂ ಕುಡಿತ ಬಿಟ್ಟವರು ಇದ್ದರೆ, ಆ ಶ್ರೇಯಸ್ಸಿನ ದೊಡ್ಡ ಪಾಲು ಸಿರಿಂಜಿಗಲ್ಲ, ಆ ಕಮ್ಮಾರನ ಅಂಗಡಿಗೆ ಸಲ್ಲಬೇಕು ಅಂತ ನನ್ನ ಅನಿಸಿಕೆ. ಹೆಸರು ಮಾತ್ರ ಚಿನ್ನಕ್ಕೆ ಬಂತು.

ಇವತ್ತೂ ಹಾಗೇ ಅಲ್ವಾ? ಯಾರಾದರೂ ಚಟ ಬಿಟ್ಟರೆ ಯಾವುದೋ ಪುಡಿಗೆ, ಯಾವುದೋ ಆಣೆಗೆ, ಇಲ್ಲದಿದ್ದರೆ "ಅವನ ಮನಸ್ಸು ಗಟ್ಟಿ" ಎಂಬ ಮಾತಿಗೆ ಹೆಸರು ಬರುತ್ತದೆ. ಪುಡಿ ಮಾರುವವರ ಮೇಲೆ ಸಿಟ್ಟಾಗುವುದು ಸುಲಭ. ನನಗೆ ಅದಕ್ಕಿಂತ ಜಾಸ್ತಿ ಕಿರಿಕಿರಿ ಆಗುವುದು ಈ ಗಟ್ಟಿ ಮನಸ್ಸಿನ ಮಾತಿನಿಂದ. ಓದಿದವರೂ ಅದನ್ನೇ ಹೇಳುತ್ತಾರೆ. ಬಿಟ್ಟವನು ಮತ್ತೆ ಕುಡಿದರೆ ಅವನ ಮನಸ್ಸೇ ಸರಿಯಿಲ್ಲ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಬಿಟ್ಟ ಮೇಲೆ ದಿನ ಕಳೆದ ಹಾಗೆ ಆಸೆ ತಾನಾಗಿ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಅದು ಅರ್ಧ ನಿಜ. ಕೊಕೇನ್‌ಗೆ ಒಗ್ಗಿದ ಇಲಿಗಳಿಗೆ ಅದನ್ನು ನಿಲ್ಲಿಸಿ, ಆಮೇಲೆ ಹಳೆಯ ಸೂಚನೆ ಕೊಟ್ಟು ಅವು ಏನು ಮಾಡುತ್ತವೆ ಎಂದು 2001ರಲ್ಲಿ ವಿಜ್ಞಾನಿಗಳು ನೋಡಿದರು. ಸೂಚನೆ ಎಂದರೆ ಮೊದಲು ಕೊಕೇನ್ ಜೊತೆಗೇ ಬರುತ್ತಿದ್ದ ಬೆಳಕು, ಸದ್ದು. ಮೊದಲ ಎರಡು ತಿಂಗಳಲ್ಲಿ ಇಲಿಗಳ ಹುಡುಕಾಟ ಕಮ್ಮಿಯಾಗಲಿಲ್ಲ, ಏರುತ್ತಾ ಹೋಯಿತು. 2011ರಲ್ಲಿ ಸಿಗರೇಟು ಬಿಟ್ಟವರಲ್ಲೂ ಇಂಥದ್ದೇ ಕಂಡಿತು. ಸುಮ್ನೆ ಕೂತಾಗಿನ ಆಸೆ ದಿನ ಕಳೆದಂತೆ ಇಳಿದಿತ್ತು. ಆದರೆ ಸಿಗರೇಟು ನೆನಪಿಸುವ ವಸ್ತು ಎದುರಿಗೆ ಬಂದಾಗ ಉಕ್ಕುವ ಆಸೆ, ಒಂದು ವಾರ ಬಿಟ್ಟವರಿಗಿಂತ ಐದು ವಾರ ಬಿಟ್ಟವರಲ್ಲೇ ಹೆಚ್ಚಿತ್ತು.

ಇದರ ಅರ್ಥ ಏನೆಂದರೆ, "ತಿಂಗಳಾಯಿತು, ಇನ್ನು ತೊಂದರೆ ಇಲ್ಲ" ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ ಹೊತ್ತು. ಬಿಟ್ಟವನಿಗೂ ತಾನು ಗೆದ್ದೆ ಅನಿಸಿರುತ್ತದೆ. ಹಳೆಯ ಗೆಳೆಯ, ಹಳೆಯ ರಸ್ತೆ, ಸಂಜೆ ಏಳು ಗಂಟೆ, ಇದರಲ್ಲಿ ಯಾವುದಾದರೂ ಒಂದು ಎದುರಾದರೆ ಸಾಕು. ಆ ಗಳಿಗೆಯಲ್ಲಿ ಒಬ್ಬನೇ ಹಲ್ಲು ಕಚ್ಚಿ ನಿಲ್ಲಲಿ ಎಂದು ನಾವು ಕಾಯುತ್ತಿರುತ್ತೇವೆ.

ಇದಕ್ಕಿಂತ ಸೊಗಸಾದ ಇನ್ನೊಂದು ಇಲಿ ಪ್ರಯೋಗ ಇದೆ. ಮಾರ್ಕೊ ವೆನ್ನೀರೊ, ಯಾವಿನ್ ಶಹಾಮ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ್ದು. ಇಲಿಗಳು ಸನ್ನೆ (ಲಿವರ್) ಒತ್ತಿ ತಾವೇ ಮೆಥಾಂಫೆಟಮಿನ್ ಎಂಬ ಮಾದಕ ವಸ್ತು ತೆಗೆದುಕೊಳ್ಳುವುದನ್ನು ಕಲಿತಿದ್ದವು. ಆಮೇಲೆ ಅವುಗಳ ಮುಂದೆ ಎರಡು ಸನ್ನೆ ಇಟ್ಟರು. ಒಂದನ್ನು ಒತ್ತಿದರೆ ಮಾದಕ ವಸ್ತು. ಇನ್ನೊಂದನ್ನು ಒತ್ತಿದರೆ ಒಂದು ಬಾಗಿಲು ತೆರೆಯುತ್ತದೆ, ಆಚೆ ಇನ್ನೊಂದು ಇಲಿ. ಸ್ವಲ್ಪ ಹೊತ್ತು ಅದರ ಜೊತೆ ಇರಬಹುದು, ಅಷ್ಟೇ. ಇಲಿಗಳು ಹೆಚ್ಚುಕಡಿಮೆ ಪ್ರತಿ ಸಲವೂ ಜೊತೆಗಾರನನ್ನೇ ಆರಿಸಿಕೊಂಡವು. ಚಟ ಬಲವಾಗಿ ಹಿಡಿದಿದ್ದ ಇಲಿಗಳೂ ಹಾಗೇ ಮಾಡಿದವು.

ನನಗೆ ಇನ್ನೂ ಇಷ್ಟವಾದದ್ದು ಮುಂದಿನ ಭಾಗ. ಮೇಲೆ ಹೇಳಿದ ಏರುವ ಆಸೆ ಇದೆಯಲ್ಲ, ಅದನ್ನು ಇವರು ಮತ್ತೆ ಅಳೆದರು. ಮಾದಕ ವಸ್ತುವನ್ನು ಬಲವಂತವಾಗಿ ತಪ್ಪಿಸಿದ್ದ ಇಲಿಗಳಲ್ಲಿ ಆಸೆ ಏರಿತ್ತು. ಅದರ ಬದಲು ರುಚಿಯಾದ ತಿನಿಸನ್ನು ಆರಿಸಿಕೊಂಡು ದೂರವಿದ್ದ ಇಲಿಗಳಲ್ಲೂ ಏರಿತ್ತು. ಜೊತೆಗಾರನನ್ನು ಆರಿಸಿಕೊಂಡು ದೂರವಿದ್ದ ಇಲಿಗಳಲ್ಲಿ ಮಾತ್ರ ಏರಲಿಲ್ಲ. ಬೀಗ ಹಾಕಿ ಕೂರಿಸುವುದು, ಬದಲಿಗೆ ಸಿಹಿ ಕೊಡುವುದು, ಜೊತೆ ಕೊಡುವುದು, ಮೂರರಲ್ಲೂ ಹೊರಗಿನಿಂದ ನೋಡಿದರೆ ಚಟ ನಿಂತಿದೆ. ಮಿದುಳಿನೊಳಗೆ ಮೂರೂ ಒಂದೇ ಅಲ್ಲ.

ಇದರಲ್ಲೊಂದು ಷರತ್ತೂ ಇದೆ. ಸನ್ನೆ ಒತ್ತಿದ ಮೇಲೆ ಬಾಗಿಲು ತೆರೆಯಲು ತಡವಾದರೆ ಇಲಿಗಳು ಮತ್ತೆ ಮಾದಕ ವಸ್ತುವಿನ ಕಡೆ ವಾಲಿದವು. ಜೊತೆಗಾರನ ಹತ್ತಿರ ಹೋದಾಗಲೆಲ್ಲ ಕಾಲಿಗೆ ಕರೆಂಟಿನ ಶಾಕ್ ಕೊಟ್ಟಾಗಲೂ ಅಷ್ಟೇ. ಮನುಷ್ಯರ ಸಂಸಾರಕ್ಕೆ ಇಲಿಯ ಲೆಕ್ಕವನ್ನು ಹಾಗೇ ತಂದು ಅಂಟಿಸಬಾರದು, ನಿಜ. ಆದರೆ ಯೋಚಿಸಿ. ಬಿಟ್ಟವನಿಗೆ ನಾವು ಕೊಡುವ ಭರವಸೆಗಳೆಲ್ಲ ದೂರದವು. ಆರೋಗ್ಯ ಸರಿಹೋಗುತ್ತದೆ, ಮಕ್ಕಳು ಗೌರವ ಕೊಡುತ್ತಾರೆ, ಸಾಲ ತೀರುತ್ತದೆ. ಎಲ್ಲಾ ನಿಜವೇ. ಆದರೆ ಮುಂದಿನ ತಿಂಗಳ ಸಂಬಳ ಈ ಹೊತ್ತಿನ ಹಸಿವಿಗೆ ಆಗುವುದಿಲ್ಲ. ಬಾಟಲಿ ಐದು ನಿಮಿಷದಲ್ಲಿ ಸಿಗುತ್ತದೆ. ಅದರ ಎದುರು ನಿಲ್ಲಬೇಕಾದದ್ದೂ ಐದು ನಿಮಿಷದಲ್ಲಿ ಸಿಗುವಂಥದ್ದೇ ಆಗಿರಬೇಕು. ಫೋನ್ ಮಾಡಿದರೆ ಎತ್ತುವವನು, ಬೈಯದೆ ಕೇಳುವವನು, ಸಂಜೆ ಏಳಕ್ಕೆ ನಿಜವಾಗಿಯೂ ನಡೆಯುವ ಒಂದು ಮೀಟಿಂಗು. ಇನ್ನು ಹೋದಾಗಲೆಲ್ಲ ಅವಮಾನ ಮಾಡುವ ಬಳಗ ಇದ್ದರೆ, ಅದು ಕಾಲಿಗೆ ಶಾಕ್ ಕೊಟ್ಟ ಹಾಗೆಯೇ.

ಈಗ ಮತ್ತೆ ಇತಿಹಾಸಕ್ಕೆ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಓಹಾಯೋದ ಆಕ್ರನ್ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಆಗಿನ್ನೂ ಕೆಲವೇ ತಿಂಗಳು. ವ್ಯವಹಾರ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಅವನು ಫೋನಿನ ಕಡೆ ಹೋದ. ಊರಿನ ಚರ್ಚುಗಳಿಗೆ ಫೋನ್ ಮಾಡಿ, ಕುಡಿತದಿಂದ ನರಳುತ್ತಿರುವವರು ಯಾರಾದರೂ ಇದ್ದರೆ ತಾನು ಅವರ ಜೊತೆ ಮಾತಾಡಬೇಕು ಎಂದು ಕೇಳಿದ. ಹಾಗೆ ಸಿಕ್ಕಿದವನು ಬಾಬ್ ಸ್ಮಿತ್ ಎಂಬ ಸರ್ಜನ್. ಹದಿನೈದು ನಿಮಿಷ ಮಾತ್ರ ಎಂದು ಬಂದ ಡಾಕ್ಟರ್ ಗಂಟೆಗಟ್ಟಲೆ ಕೂತ. ಕುಡಿತ ಬಿಡುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಬಳಗ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಕರೆಯುವ ಹಾಗೆ ಎಎ, ಹುಟ್ಟಿದ್ದು ಹೀಗೆ.

ವಿಲ್ಸನ್ ಏನು ಕೇಳಿದ ಎಂಬುದನ್ನು ಗಮನಿಸಿ. "ನನಗೆ ಸಹಾಯ ಮಾಡುವವರು ಬೇಕು" ಅಂತ ಅಲ್ಲ, ತಾನು ಸಹಾಯ ಮಾಡಬಹುದಾದವನು ಬೇಕು ಅಂತ. ಅದಕ್ಕೂ ಮುಂಚೆ ನ್ಯೂಯಾರ್ಕಿನಲ್ಲಿ ಅವನು ಹಲವು ಕುಡುಕರನ್ನು ತಿದ್ದಲು ಹೋಗಿ ಸೋತಿದ್ದ. ಒಬ್ಬನೂ ಬಿಡಲಿಲ್ಲ ಎಂದು ಕೊರಗಿದಾಗ ಹೆಂಡತಿ ಲೋಯಿಸ್, ನೀನಂತೂ ಕುಡಿದಿಲ್ಲವಲ್ಲ ಎಂದಳಂತೆ. ಸಮಾಜಶಾಸ್ತ್ರಜ್ಞ ಫ್ರಾಂಕ್ ರೀಸ್‌ಮನ್ 1965ರಲ್ಲಿ ಇದನ್ನೇ ಒಂದು ತತ್ವವಾಗಿ ಬರೆದರು: ಸಹಾಯ ಮಾಡುವವನಿಗೇ ಎಷ್ಟೋ ಸಲ ಹೆಚ್ಚು ಲಾಭ. ಮುಂದೆ ಅಮೆರಿಕದ ಒಂದು ದೊಡ್ಡ ಚಿಕಿತ್ಸಾ ಅಧ್ಯಯನದ ಮಾಹಿತಿಯನ್ನು ಮತ್ತೆ ತೆಗೆದು ನೋಡಿದರು. ಬೇರೆ ಕುಡಿತದವರಿಗೆ ನೆರವಾಗುತ್ತಿದ್ದವರಲ್ಲಿ 40% ಮಂದಿ ಚಿಕಿತ್ಸೆಯ ನಂತರದ ವರ್ಷ ಕುಡಿಯದೆ ಉಳಿದಿದ್ದರು, ಉಳಿದವರಲ್ಲಿ 22%. ಚೇತರಿಸಿಕೊಳ್ಳುತ್ತಿದ್ದವರೇ ಸಹಾಯಕ್ಕೆ ಮುಂದೆ ಬಂದಿರಬಹುದಲ್ಲ ಎಂದು ನೀವು ಕೇಳಿದರೆ, ಸರಿಯಾದ ಪ್ರಶ್ನೆ. ಇಂಥ ಲೆಕ್ಕದಲ್ಲಿ ಕಾರಣ ಯಾವುದು, ಫಲ ಯಾವುದು ಎಂದು ಪೂರ್ತಿ ಬಿಡಿಸಲು ಆಗುವುದಿಲ್ಲ.

ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿ ನಡೆಸುವ ಪ್ರಯೋಗಗಳು ಬೇಕು. ಅಂಥವೂ ಸೇರಿದಂತೆ 27 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಸಂಸ್ಥೆಯಿಂದ 2020ರಲ್ಲಿ ಬಂತು. ಅವುಗಳಲ್ಲಿ 10,565 ಜನ. ಎಎ ಮೀಟಿಂಗಿಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೂ ಕುಡಿಯದೆ ಇದ್ದವರು 42%, ಬೇರೆ ಒಳ್ಳೆಯ ಚಿಕಿತ್ಸೆಗಳಲ್ಲಿ 35%. ಪವಾಡ ಅಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಮತ್ತೆ ಕುಡಿದಿದ್ದಾರೆ. ಆದರೆ ಬಿಟ್ಟಿಯಾಗಿ ಸಿಗುವ ಕುರ್ಚಿಗಳ ಒಂದು ಸುತ್ತು, ತರಬೇತಿ ಪಡೆದವರ ಚಿಕಿತ್ಸೆಗೆ ಸಮನಾಗಿ, ಸ್ವಲ್ಪ ಮುಂದೆಯೇ ನಿಂತಿತಲ್ಲ, ಅದು ಸಣ್ಣ ಮಾತಲ್ಲ. ಲಾಭದ ದೊಡ್ಡ ಪಾಲು ಬರುವುದು ಗೆಳೆಯರ ಬಳಗ ಬದಲಾಗುವುದರಿಂದ. ಇನ್ನೊಂದು ಅಧ್ಯಯನದ ಪ್ರಕಾರ, ಬಳಗಕ್ಕೆ ಕುಡಿಯದವನೊಬ್ಬ ಸೇರಿದರೂ ಮುಂದಿನ ವರ್ಷ ಕುಡಿಯದೆ ಇರುವ ಸಾಧ್ಯತೆ 27% ಏರುತ್ತದೆ.

ಎಎಯಲ್ಲಿ ದೇವರ ಮಾತೂ ಬರುತ್ತದೆ. ಅದು ಇಷ್ಟವಿಲ್ಲದವರಿಗೆ 1994ರಿಂದ ಸ್ಮಾರ್ಟ್ ರಿಕವರಿ ಎಂಬ ಗುಂಪು ಇದೆ, ಹೆಂಗಸರಿಗೆ 1975ರಿಂದ ವಿಮೆನ್ ಫಾರ್ ಸೊಬ್ರೈಟಿ ಇದೆ. ತೊಡಗಿಕೊಂಡರೆ ಫಲ ಹೆಚ್ಚುಕಡಿಮೆ ಒಂದೇ.

ಗುಂಪುಗಳನ್ನು ಹೊಗಳುವ ಭರದಲ್ಲಿ ಒಂದು ಎಚ್ಚರಿಕೆ ಮರೆಯಬಾರದು. ವರ್ಷಗಟ್ಟಲೆ ಜೋರಾಗಿ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಆ ಮೊದಲ ದಿನಗಳು ಡಾಕ್ಟರ ಕೈಯಲ್ಲಿರಬೇಕು. ಹೆರಾಯಿನ್‌ನಂಥ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಔಷಧಿಗಳು ಸಾವನ್ನು ತಡೆಯುತ್ತವೆ. ಆದರೂ ಕೆಲವು ಗುಂಪುಗಳಲ್ಲಿ "ಮಾತ್ರೆ ತಗೊಂಡರೆ ಬಿಟ್ಟ ಹಾಗಲ್ಲ" ಎನ್ನುವ ಹಿರಿಯರು ಸಿಗುತ್ತಾರೆ. ಇದು ಕೀಲಿಯ ಚಿನ್ನಕ್ಕಿಂತ ಕೆಟ್ಟ ಮೂಢನಂಬಿಕೆ. ಅಂಥ ಗುಂಪು ಬಿಟ್ಟು ಬೇರೆ ಕಡೆ ಹೋಗುವುದೇ ಸರಿ.

ಜೊತೆಗಾರಿಕೆಯ ಅತಿ ಗಟ್ಟಿ ರೂಪ ಆಕ್ಸ್‌ಫರ್ಡ್ ಹೌಸ್. 1975ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಚಟ ಬಿಟ್ಟವರ ತಂಗುಮನೆಯೊಂದು ಮುಚ್ಚುವುದರಲ್ಲಿತ್ತು. ಇದ್ದವರೇ ಸೇರಿ ಮನೆಯನ್ನು ಬಾಡಿಗೆಗೆ ಹಿಡಿದರು. ವಾರ್ಡನ್ ಇಲ್ಲ, ಸಲಹೆಗಾರ ಇಲ್ಲ. ಬಾಡಿಗೆ ಎಲ್ಲರೂ ಹಂಚಿಕೊಳ್ಳಬೇಕು, ಮನೆಯ ಲೆಕ್ಕಪತ್ರ ತಾವೇ ನೋಡಬೇಕು, ಮತ್ತೆ ಚಟ ಶುರು ಮಾಡಿದವನು ಹೊರಗೆ ಹೋಗಬೇಕು. ಚಿಕಿತ್ಸೆ ಮುಗಿಸಿದ 150 ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಅರ್ಧ ಜನರನ್ನು ಇಂಥ ಮನೆಗಳಿಗೆ, ಉಳಿದವರನ್ನು ಮಾಮೂಲಿ ವ್ಯವಸ್ಥೆಗೆ ಕಳಿಸಿ ನೋಡಿದರು. ಎರಡು ವರ್ಷದ ನಂತರ ಮಾಮೂಲಿ ವ್ಯವಸ್ಥೆಯಲ್ಲಿ ಸುಮಾರು 65% ಜನ ಮತ್ತೆ ಚಟಕ್ಕೆ ಬಿದ್ದಿದ್ದರು, ಮನೆಗೆ ಹೋದವರಲ್ಲಿ 31%. ಅವರಲ್ಲೂ ಆರು ತಿಂಗಳು ದಾಟಿ ಉಳಿದವರು, ಬೇಗ ಬಿಟ್ಟು ಹೋದವರಿಗಿಂತ ಚೆನ್ನಾಗಿದ್ದರು.