ಹೈದರ್ ಅಲಿ ಕರ್ನಾಟಕದ ಮೇಲೆ ದಂಡೆತ್ತಿ ಬಂದನೇ?

‘1780ರ ಜುಲೈನಲ್ಲಿ ಹೈದರ್ ಅಲಿ ಭಾರಿ ಸೈನ್ಯದೊಂದಿಗೆ ಕರ್ನಾಟಕಕ್ಕೆ ನುಗ್ಗಿದನು.’

ಒಂದು ಅನುವಾದದ ಕರಡು ತಿದ್ದುತ್ತಿದ್ದಾಗ ಈ ವಾಕ್ಯ ಎದುರಾಯಿತು. ಪೆನ್ಸಿಲ್ ಅಲ್ಲೇ ನಿಂತಿತು. ನುಗ್ಗಿದ್ದೇನೋ ಸರಿ, ಆದರೆ ಎಲ್ಲಿಂದ? ಅವನ ರಾಜಧಾನಿ ಇದ್ದದ್ದೇ ಶ್ರೀರಂಗಪಟ್ಟಣದಲ್ಲಿ. ಮನೆಯೊಳಗೆ ಇದ್ದವನು ಅದೇ ಮನೆಗೆ ನುಗ್ಗೋದು ಹೇಗೆ?

ಮೂಲ ಇಂಗ್ಲಿಷಿನಲ್ಲಿ ಇದ್ದ ಪದ ‘ಕರ್ನಾಟಿಕ್’. ಅನುವಾದಕಿ ಅದನ್ನು ‘ಕರ್ನಾಟಕ’ ಮಾಡಿದ್ದರು. ತಪ್ಪು ಅವರೊಬ್ಬರದಲ್ಲ. ಇತಿಹಾಸದ ಬರಹಗಳನ್ನು ಕನ್ನಡಕ್ಕೆ ತರುವ, ತಿದ್ದುವ ಕೆಲಸದಲ್ಲಿರುವ ನಮ್ಮೆಲ್ಲರನ್ನೂ ಈ ಪದ ಒಮ್ಮೆಯಾದರೂ ಬೀಳಿಸಿದೆ. ನಾನೇ ಹಿಂದೊಮ್ಮೆ ‘ಕರ್ನಾಟಿಕ್ ಬಯಲು’ ಅಂತ ಇದ್ದದ್ದನ್ನು ‘ಕರ್ನಾಟಕದ ಬಯಲುಸೀಮೆ’ ಅಂತ ಆಗಲು ಬಿಟ್ಟಿದ್ದೆ. ಲೇಖಕ ಹೇಳಿದ್ದು ಆರ್ಕಾಟಿನ ಕೆರೆ, ಭತ್ತದ ಗದ್ದೆಗಳ ಮಾತು. ಓದಿದವರ ಕಣ್ಣೆದುರು ಬಂದಿದ್ದು ಚಿತ್ರದುರ್ಗದ ಬಂಡೆ. ಅದು ಅಚ್ಚಾಗಿಯೂ ಹೋಯಿತು.

ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸಿನ ಇಂಗ್ಲಿಷರು ‘ಕರ್ನಾಟಿಕ್’ ಅಂದರೆ ಅದು ಪೂರ್ವ ಘಟ್ಟದ ಕೆಳಗಿನ ನಾಡು. ನೆಲ್ಲೂರು, ಆರ್ಕಾಟು, ಕಾಂಚೀಪುರ, ತಿರುಚಿರಾಪಳ್ಳಿ. ಬಹುಪಾಲು ತಮಿಳು, ಉತ್ತರಕ್ಕೆ ಹೋದಂತೆ ತೆಲುಗು. ಕನ್ನಡ ನಾಡಿನ ಒಂದು ತಾಲ್ಲೂಕೂ ಅದರಲ್ಲಿಲ್ಲ ಅಂದರೂ ನಡೆಯುತ್ತದೆ. ಶಾಲೆಯಲ್ಲಿ ಓದಿದ ಮೂರು ಕರ್ನಾಟಿಕ್ ಯುದ್ಧಗಳನ್ನೇ ನೆನೆಸಿಕೊಳ್ಳಿ. 1746ರಿಂದ 1763ರವರೆಗೆ ಇಂಗ್ಲಿಷರೂ ಫ್ರೆಂಚರೂ ಬಡಿದಾಡಿದ್ದು ಮದರಾಸು, ಅಂಬೂರು, ಆರ್ಕಾಟು, ವಂದವಾಸಿಯಲ್ಲಿ. ನಮ್ಮ ಪಠ್ಯಪುಸ್ತಕಗಳು ಇದನ್ನು ‘ಕರ್ನಾಟಿಕ್’ ಅಂತಲೇ ಉಳಿಸಿಕೊಂಡವು. ಆ ‘ಟಿಕ್’ ಇರುವುದರಿಂದ ಎಷ್ಟೋ ಗೊಂದಲ ತಪ್ಪಿದೆ.

ಹಾಗಾದರೆ ನಮ್ಮ ಹೆಸರು ಅವರಿಗೆ ಹೋದದ್ದು ಹೇಗೆ?

ವಿಜಯನಗರದ ಅರಸರು ತಮ್ಮ ರಾಜ್ಯವನ್ನು ಕರ್ಣಾಟ ಅಂತ ಕರೆದುಕೊಳ್ಳುತ್ತಿದ್ದರು. ಅದು ಬರೀ ಕನ್ನಡ ಮಾತಾಡುವ ನೆಲದ ಹೆಸರಲ್ಲ, ಸಿಂಹಾಸನದ ಹೆಸರು. 1565ರ ಯುದ್ಧದ ನಂತರ ಆ ಸಿಂಹಾಸನ ಪೆನುಕೊಂಡಕ್ಕೆ ಹೋಯಿತು. ಆಮೇಲೆ ಚಂದ್ರಗಿರಿ, ವೆಲ್ಲೂರು. ಪೆನುಕೊಂಡ ಇನ್ನೂ ಘಟ್ಟದ ಮೇಲೆ, ಚಂದ್ರಗಿರಿ ಕೆಳಗೆ. ಅರಸರು ಘಟ್ಟ ಇಳಿದರು, ಹೆಸರೂ ಅವರ ಹಿಂದೆ ಇಳಿಯಿತು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರ, ಗೋಲ್ಕೊಂಡದ ಸೈನ್ಯಗಳು ಈ ರಾಜ್ಯವನ್ನು ಹರಿದು ಹಂಚಿಕೊಂಡವು. ಇಬ್ಬರೂ ತಮಗೆ ಸಿಕ್ಕ ತುಂಡನ್ನು ಕರ್ನಾಟಕ ಅಂತಲೇ ಕರೆದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಪಾಲಾದ ಮೇಲೆ ಮೊಗಲರ ದಫ್ತರಕ್ಕೂ ಆ ಹೆಸರು ಹೋಯಿತು.

ಮೊಗಲರ ಗುಮಾಸ್ತರು ಮಾತ್ರ ಜಾಣರು. ಒಂದು ಬಾಲ ಸೇರಿಸಿದರು. ಬಾಲಾಘಾಟ್, ಪಾಯಿನ್‌ಘಾಟ್. ಪಾರ್ಸಿಯಲ್ಲಿ ಬಾಲಾ ಅಂದರೆ ಮೇಲೆ, ಪಾಯಿನ್ ಅಂದರೆ ಕೆಳಗೆ. ಘಟ್ಟದ ಮೇಲಿನ ಕರ್ನಾಟಕಕ್ಕೆ ಸಿರಾ ಕೇಂದ್ರ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಬೂದಿಹಾಳ, ಬಸವಾಪಟ್ಟಣ, ಪೆನುಕೊಂಡ ಇವೆಲ್ಲ ಆ ಸುಬಾಕ್ಕೆ, ಅಂದರೆ ಪ್ರಾಂತಕ್ಕೆ, ಸೇರಿದ ಪರಗಣಗಳು. ಘಟ್ಟದ ಕೆಳಗಿನ ಕರ್ನಾಟಕಕ್ಕೆ ಆರ್ಕಾಟಿನ ನವಾಬ. (ಬಾಲಾಘಾಟ್ ಅಂದ ತಕ್ಷಣ ಸಿರಾ ಅಂದುಕೊಳ್ಳಬೇಡಿ. ಈಗಿನ ಮಹಾರಾಷ್ಟ್ರದ ಬೇರಾರ್ ಸೀಮೆಗೂ ಒಂದು ಬಾಲಾಘಾಟ್ ಇತ್ತು, ಮಧ್ಯಪ್ರದೇಶದಲ್ಲಿ ಆ ಹೆಸರಿನ ಜಿಲ್ಲೆಯೇ ಇದೆ. ಘಟ್ಟ ಇದ್ದಲ್ಲೆಲ್ಲ ಮೇಲೂ ಇರುತ್ತೆ, ಕೆಳಗೂ ಇರುತ್ತೆ ಅಲ್ವಾ.)

ಈ ಮೇಲೆ ಕೆಳಗೆ ಅನ್ನೋದು ಕಾಗದದ ಮೇಲಿನ ಗೆರೆಯಲ್ಲ. ಬೆಂಗಳೂರಿನಿಂದ ವೆಲ್ಲೂರಿನ ಬಸ್ಸು ಹತ್ತಿ ನೋಡಿ. ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಪಲಮನೇರಿಗೆ ಬರುವವರೆಗೂ ಅದೇ ನಮ್ಮ ಎತ್ತರದ ಗಾಳಿ, ಅದೇ ರಾಗಿ, ಟೊಮೆಟೊ. ಮುಂದೆ ಮೊಗಿಲಿ ಘಾಟಿಯಲ್ಲಿ ಬಸ್ಸು ತಿರುವು ತಿರುವಾಗಿ ಇಳಿಯುತ್ತದೆ. ಚಿತ್ತೂರು ಬರುವ ಹೊತ್ತಿಗೆ ಕಿಟಕಿಯಿಂದ ಬರುವ ಗಾಳಿಯೇ ಬೇರೆ. ಸ್ವೆಟರ್ ಹಾಕಿಕೊಂಡು ಹತ್ತಿದವರು ತೆಗೆದು ಮಡಚಿಡುತ್ತಾರೆ. ಆ ಸ್ವೆಟರ್ ತೆಗೆಯುವ ಜಾಗವೇ ಬಾಲಾಘಾಟ್ ಮುಗಿದು ಪಾಯಿನ್‌ಘಾಟ್ ಶುರುವಾಗುವ ಜಾಗ ಅಂತ ನಾನು ತಮಾಷೆ ಮಾಡುತ್ತೇನೆ. ಸುಮ್ನೆ ತಮಾಷೆಯೇನಲ್ಲ.

ಇಂಗ್ಲಿಷರಿಗೆ ಈ ಬಾಲ ಬೇಕಿರಲಿಲ್ಲ. ಅವರ ವ್ಯವಹಾರವೆಲ್ಲ ಕೆಳಗಿನ ನವಾಬನ ಜೊತೆ. ಮದರಾಸಿನ ಕೋಟೆಯಲ್ಲಿ ಕೂತವರಿಗೆ ಅವನ ಸೀಮೆಯೇ ಕರ್ನಾಟಿಕ್. ಮೇಲೆ ಬೇರೆಯೇ ನಡೆಯಿತು. 1761ರಲ್ಲಿ ಸಿರಾ ಹೈದರನ ಕೈಸೇರಿತು. ಘಟ್ಟದ ಮೇಲಿನದೆಲ್ಲ ಹೊರಗಿನವರ ಬಾಯಲ್ಲಿ ‘ಮೈಸೂರು’ ಆಯಿತು. ಮೇಲಿನ ಕರ್ನಾಟಕಕ್ಕೆ ಬೇರೆ ಹೆಸರು ಬಂದ ಮೇಲೆ ಹಳೆಯ ಹೆಸರು ಕೆಳಗಿನವರಿಗೇ ಉಳಿಯಿತು. ನಾಡಿನ ಹೆಸರು ನಾಡಲ್ಲೇ ಇಲ್ಲ, ಅದರ ಪಕ್ಕದಲ್ಲಿದೆ. ಈ ಗೋಜಲಿನಲ್ಲಿ ನನಗೆ ಜಾಸ್ತಿ ರುಚಿಸುವುದು ಇದೇ.

ಇಷ್ಟು ಗೊತ್ತಾದ ಮೇಲೆ ಕೆಲವರು ಇನ್ನೊಂದು ಬದಿಗೆ ಬೀಳುತ್ತಾರೆ. ಕರ್ನಾಟಿಕ್ ಕಂಡಲ್ಲೆಲ್ಲ ‘ಆರ್ಕಾಟು’ ಅಂತ ಬದಲಿಸಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ಒಂದೇ ಒತ್ತಿಗೆ ಆಗುವ ಕೆಲಸ ನೋಡಿ. ಶಿವಾಜಿಯ ತಂದೆ ಶಹಾಜಿ 1638ರ ಹೊತ್ತಿಗೆ ಬಿಜಾಪುರದ ದಂಡಿನೊಂದಿಗೆ ‘ಕರ್ನಾಟಿಕ್‌ಗೆ’ ಬಂದ ಅಂದರೆ ಅದು ಬೆಂಗಳೂರಿನ ಕಡೆಗೆ, ಆರ್ಕಾಟಿಗಲ್ಲ. ಇನ್ನು ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಕಾಗದಪತ್ರದಲ್ಲಿ ಇದೇ ಹೆಸರು ಬಂದರೆ ಅದು ಧಾರವಾಡ, ಬೆಳಗಾವಿ, ಬಿಜಾಪುರ. ಮದರಾಸಿನಲ್ಲಿ ಕೂತ ಸಾಹೇಬನಿಗೆ ಒಂದು, ಮುಂಬಯಿಯಲ್ಲಿ ಕೂತವನಿಗೆ ಇನ್ನೊಂದು. ಸಾಲದ್ದಕ್ಕೆ ಅದೇ ಧಾರವಾಡದ ಕಡೆಗೆ ‘ದಕ್ಷಿಣ ಮರಾಠಾ ದೇಶ’ ಅಂತಲೂ ಹೆಸರಿತ್ತು. ಅದಕ್ಕೇ ನಾನು ಮೊದಲು ನೋಡುವುದು ಪತ್ರದ ಮೇಲಿನ ಇಸವಿ, ಆಮೇಲೆ ಬರೆದವನು ಯಾವ ಊರಿನಲ್ಲಿ ಕೂತಿದ್ದ ಅಂತ. ನಿಘಂಟು ತೆಗೆಯುವುದು ಆಮೇಲೆ.

ಕರಾವಳಿಯ ‘ಕೆನರಾ’ ಇನ್ನೊಂದು ಕತೆ. ಪೋರ್ಚುಗೀಸರ ಬಾಯಿಂದ ಬಂದ ಹೆಸರು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ನೆಲಕ್ಕೆ ಕನ್ನಡದ ಹೆಸರು ಅಂಟಿತು. ಅದಕ್ಕೊಂದು ಬೇರೆ ಅಂಕಣವೇ ಬೇಕು. ಕರ್ನಾಟಕ ಸಂಗೀತದ ವಿಷಯ ಕೇಳಬೇಡಿ, ಅಲ್ಲಿ ಜಗಳ ಜೋರು.

ನಮ್ಮ ಹೈದರನಿಗೆ ಬರೋಣ. ಅವನು ಅಂದು ಇಳಿದದ್ದು ಆರ್ಕಾಟಿನ ಸೀಮೆಗೆ. ಅದೇ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಇಂಗ್ಲಿಷರಿಗೆ ದೊಡ್ಡ ಸೋಲಾಯಿತು. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿದೆ. ನಾವೆಲ್ಲ ಶಾಲಾ ಪ್ರವಾಸದಲ್ಲಿ ನೋಡಿದ್ದೇವೆ. ಎದುರಿಗೆ ಕೆಂಪು ಕೋಟಿನವರು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಂಡನಾಯಕ ಬೈಲಿ.

ವಾಕ್ಯವನ್ನು ಹೀಗೆ ತಿದ್ದಿದೆ: ‘1780ರ ಜುಲೈನಲ್ಲಿ ಹೈದರ್ ಅಲಿ ಭಾರಿ ಸೈನ್ಯದೊಂದಿಗೆ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು.’

ಅನುವಾದಕಿ ಫೋನ್ ಮಾಡಿದರು. “ಸರ್, ಮೂಲದಲ್ಲಿ ಆರ್ಕಾಟು ಅನ್ನೋ ಪದವೇ ಇಲ್ಲವಲ್ಲ?”

“ಇಲ್ಲ,” ಅಂದೆ. “ಆದರೆ ‘ಘಟ್ಟ ಇಳಿದು’ ಅಂತ ಇದೆ. ನೀವು ಅದನ್ನ ಯಾಕಮ್ಮ ಬಿಟ್ಟಿರಿ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. “ಕರ್ನಾಟಕಕ್ಕೆ ಬರೋಕೆ ಘಟ್ಟ ಯಾಕೆ ಇಳೀಬೇಕು ಅಂತ ನನಗೂ ಅರ್ಥ ಆಗಲಿಲ್ಲ ಸರ್. ಅದಕ್ಕೇ ತೆಗೆದುಬಿಟ್ಟೆ.”